ನಾಮ ಹಾಕದ ಆಟೋದಣ್ಣ

ಬಳ್ಳಾರಿ ಬಸ್ ಸ್ಟ್ಯಾಂಡಿನಾಗ ಗಾಂಧಿನಗರಕ್ಕಂತ ಆಟೋ ಹತ್ತಿದೆ. ಅದರ ಬೆನ್ನಿಗೆ ‘ಐ ವಿಲ್ ಟೇಕ್ ಯು ಫಾರ್ ಎ ರೈಡ್’ ಅಂತ ಬರೆಸಿದ್ರು. ನಾನು ಇಂಗ್ಲಿಷ್ ಮಾಸ್ತರ, ಬಾಯಿ ಸುಮ್ನ ಇರಬೇಕಲ್ಲ!

“ಅಣ್ಣಾ, ಅದರರ್ಥ ‘ನಿಮಗ ನಾಮ ಹಾಕ್ತೀನಿ’ ಅಂತ್ರಿ.”

ಹಣಿ ತುಂಬ ವಿಭೂತಿ ಬಳಕೊಂಡಿದ್ದ ಡ್ರೈವರ್ ಬೆಚ್ಚಿಬಿದ್ದ. “ನಾಮಾನಾ? ನಾವು ಕುರುಗೋಡು ಬಸವೇಶ್ವರನ ಒಕ್ಕಲ್ರಿ! ನಮ್ಮ ಮನಿತನದಾಗ ಯಾರೂ ನಾಮ ಹಾಕಿಲ್ಲ!”

“ಆ ನಾಮ ಅಲ್ರಿ ಅಣ್ಣಾ, ಟೋಪಿ!”

“ಟೋಪಿನೂ ಇಲ್ರಿ, ನಮ್ದು ರುಮಾಲು!”

ಇಬ್ಬರೂ ಬಿದ್ದು ಬಿದ್ದು ನಕ್ಕಿವಿ. ಕಣ್ಣೊರೆಸಿಕೊಂಡು ಹೊರಗ ನೋಡಿದ್ರ ಆಟೋ ಗಾಂಧಿನಗರ ದಾಟಿ ಸಿರುಗುಪ್ಪ ರೋಡ್ ಹಿಡಿದಿತ್ತು.

“ಎಲ್ಲಿಗೆ ಹೊಂಟೀರಿ ಅಣ್ಣಾ?”

“ನೀವಽ ಅರ್ಥ ಹೇಳಿದ್ರಲ್ರಿ!”

ಇಷ್ಟು ಲಗೂ ಪಾಠ ಕಲಿತ ಶಿಷ್ಯ ನನಗ ಸಾಲ್ಯಾಗ ಒಬ್ಬನೂ ಸಿಕ್ಕಿಲ್ಲ.