ಸುಣ್ಣದ ಗೆರೆಯ ಮೇಲೆ ನಿಲ್ಲಿಸಿದ ಮೇಷ್ಟ್ರು

ನಮ್ಮ ಪಿ.ಟಿ. ಮೇಷ್ಟ್ರ ಬಲಗೈ ಕಿರುಬೆರಳು ಕಬಡ್ಡಿಯಲ್ಲಿ ಮುರಿದು ಕೊಕ್ಕೆಯ ಹಾಗೆ ಕೂಡಿಕೊಂಡಿತ್ತು. ಸೀಮೆಸುಣ್ಣ ಹಿಡಿದರೆ ಅದೊಂದು ಬೇರೆ ಕಡೆ ನೋಡುತ್ತಿತ್ತು, ನಮಗೆ ನಗು. ಮದಲೂರಿನ ನಮ್ಮ ಶಾಲೆಗೆ ಗಣಿತ, ವಿಜ್ಞಾನದ ಮೇಷ್ಟ್ರು ಬಾರದೆ ಹೋದಾಗ ಆ ಪಾಠಗಳೂ ಇವರ ತಲೆಗೇ ಬಿದ್ದವು. "ನಂಗೆ ಗೊತ್ತಿರೋದು ಆಟ ಒಂದೇ ಕಣ್ರಲಾ, ಅದ್ರಾಗೇ ಹೇಳ್ಕೊಡ್ತೀನಿ" ಎಂದು ಎಲ್ಲರನ್ನೂ ಬಯಲಿಗೆ ಹೊರಡಿಸಿದರು. ಕೋನ ಕಲಿಯಲು ವಾಲಿಬಾಲ್, ವೇಗಕ್ಕೆ ಓಟ. ಗೆದ್ದವರು ನೆರಳಲ್ಲಿ ಕೂರುವುದು, ಸೋತವರು ಲೆಕ್ಕ ಬಿಡಿಸುವುದು.

ಒಂದು ದಿನ ಎದೆಬಡಿತದ ಪಾಠ. ಸುಣ್ಣದ ಪುಡಿಯಲ್ಲಿ ಅಡ್ಡಗೆರೆಗಳನ್ನೆಳೆದು ಪಕ್ಕದಲ್ಲಿ ಸಂಖ್ಯೆ ಬರೆದರು. ಒಂದು ಸುತ್ತು ಓಡಿ ಬಂದು, ನಾಡಿ ಎಣಿಸಿ, ಅವರವರ ಸಂಖ್ಯೆಯ ಗೆರೆಯ ಮೇಲೆ ನಿಲ್ಲಬೇಕು. ಸುಧಾರಿಸಿಕೊಂಡು ಮತ್ತೆ ಎಣಿಸಿ, ಬಡಿತ ಇಳಿದಷ್ಟು ಹಿಂದೆ ಸರಿಯಬೇಕು. ಪುಸ್ತಕದ ನಕ್ಷೆಯಲ್ಲಿ ಚುಕ್ಕಿಗಳಿರುವ ಕಡೆ ಇಲ್ಲಿ ನಾವು. ಎಲ್ಲರೂ ಹಿಂದೆ ಸರಿದರು, ನಾನೊಬ್ಬಳೇ ಮುಂದೆ ಉಳಿದೆ. ಎಣಿಸಲೂ ಬಾರದ ದಡ್ಡಿ ಎಂದು ಮೇಷ್ಟ್ರೂ ರೇಗಿಸಿದರು. ಆಮೇಲೆ ತಾವೇ ನನ್ನ ಮಣಿಕಟ್ಟು ಹಿಡಿದರು. ಹಿಡಿದವರು ಬಹಳ ಹೊತ್ತು ಬಿಡಲಿಲ್ಲ.

ಸಂಜೆ ಮೇಷ್ಟ್ರು ಕೆರೆ ಏರಿಯ ಪಕ್ಕದಲ್ಲಿದ್ದ ನಮ್ಮ ಅಬ್ಬಾನ ಪಂಕ್ಚರ್ ಅಂಗಡಿಗೆ ಬಂದರು. ಹುಡುಗಿ ಸೋಮಾರಿ, ಮನೆಗೆಲಸಕ್ಕೂ ಹೀಗೇ ಏದುಸಿರು ಬಿಡುತ್ತಾಳೆ ಎಂದು ಅಬ್ಬಾ ನಕ್ಕರು.

"ಸೋಮಾರಿ ಅಲ್ಲ ಭಾಯ್, ಮಗೀನ ಎದೆ ಸರಿಗಿಲ್ಲ. ನಾಳೆ ಅಂಗಡಿ ತೆಗೀಬ್ಯಾಡ. ಆಸ್ಪತ್ರೆಗೆ ನಾನೂ ಬತ್ತೀನಿ."

ನನ್ನ ಹೃದಯದಲ್ಲಿ ತೂತಿತ್ತು. ಇನ್ನಷ್ಟು ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಆಪರೇಷನ್ ಆಯಿತು, ಬದುಕಿದೆ. ಇವತ್ತು ನನ್ನ ಮಗಳ ಹಿಂದೆ ಓಡುವಷ್ಟು ಗಟ್ಟಿಯಾಗಿದ್ದೇನೆ. ಈ ಆಯಸ್ಸು ಮೇಷ್ಟ್ರು ಕೊಟ್ಟದ್ದು.

ಕಳೆದ ಬೇಸಿಗೆಯಲ್ಲಿ ಅವರು ಹೋದರು. ನಿವೃತ್ತರಾದ ಮೇಲೂ ಬಯಲು ಬಿಟ್ಟಿರಲಿಲ್ಲ. ಹಿಂದಿನ ಸಂಜೆ ಮಕ್ಕಳ ಜೊತೆ ಕಬಡ್ಡಿ ಆಡಿ ಬಂದವರಿಗೆ ಎಡಭುಜ ಹಿಡಿದುಕೊಂಡಿತ್ತಂತೆ. ಆಟಗಾರರಿಗೆ ಭುಜದ ನೋವು ಹೊಸದೇ? ಬೆಳಗ್ಗೆ ಏಳಲೇ ಇಲ್ಲ. ಹೃದಯಾಘಾತ ಎಂದರು. ನಾನು ಹೋದಾಗ ಮೇಷ್ಟ್ರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು.

"ಉಳುಕೈತೆ, ಎಣ್ಣೆ ತಿಕ್ಕು ಅಂದ್ರು ಕಣಮ್ಮ. ನಾನೇ ತಿಕ್ಕಿ ಮಲಗ್ಸಿದೆ."

ನನಗೆ ಮೇಷ್ಟ್ರ ಮೇಲೆ ಕೆಟ್ಟ ಸಿಟ್ಟು ಬಂತು. ಊರ ಮಕ್ಕಳ ನಾಡಿಯನ್ನೆಲ್ಲ ಹಿಡಿದವರು ತಮ್ಮದೊಂದು ಹಿಡಿದು ನೋಡಬಾರದಿತ್ತೇ? ಆಕೆಯ ಪಕ್ಕ ಕೂತು ಎರಡೂ ಕೈ ಹಿಡಿದುಕೊಂಡೆ. ಆ ಕೈಗಳಲ್ಲಿ ಇನ್ನೂ ಎಣ್ಣೆಯ ವಾಸನೆಯಿತ್ತು.