ರಾಚವ್ವನ ಒಂದಾಳು

ಮನೋಳಿಯ ರಾಚವ್ವ ಯಾರ ಹಂಗನ್ನೂ ಇಟ್ಟುಕೊಂಡವಳಲ್ಲ. ಆಕೆ ನಿಮ್ಮ ಹೊಲದಲ್ಲಿ ಒಂದು ದಿನ ದುಡಿದರೆ ಆಕೆಯ ಹೊಲದಲ್ಲಿ ನೀವೂ ಒಂದು ದಿನ ದುಡಿಯಬೇಕು. ಇದಕ್ಕೆ ನಮ್ಮಲ್ಲಿ ಮುಯ್ಯಾಳು ಅನ್ನುತ್ತಾರೆ. ಕೂಲಿಯಿಲ್ಲ, ಚೀಟಿಯಿಲ್ಲ, ಆಡಿದ ಮಾತೇ ಕರಾರು. ಗಂಡ ತೀರಿದ ಮೇಲೆ ಎಕರೆ ಎರೆಹೊಲವನ್ನು ಆಕೆ ಹೀಗೇ ನಡೆಸಿದ್ದಾಳೆ.

ಹೋದ ವರ್ಷ ಬೈಲಹೊಂಗಲದಿಂದ ಶೀತಲ ಅಕ್ಕೋರು ಇಂಗ್ಲಿಷ್ ಕಲಿಸಲು ನಮ್ಮ ಸಾಲೆಗೆ ಬಂದರು. ತಾಯಿಯೊಡನೆ ಇರಲು ರಾಚವ್ವನ ಬಾಜೂಮನೆಯನ್ನೇ ಬಾಡಿಗೆ ಹಿಡಿದರು. ಅವರ ತಾಯಿಗೆ ಜ್ವರ ನೆತ್ತಿಗೇರಿದ ದಿನವೇ ಸಾಲೆಯಲ್ಲಿ ಪರೀಕ್ಷೆ. ರಾಚವ್ವ ಹೊಲ ಬಿಟ್ಟು, ಆ ತಾಯಿಯ ಹಣೆಗೆ ತಣ್ಣೀರ ಪಟ್ಟಿ ಹಾಕುತ್ತ ಸಂಜೆತನಕ ಕುಳಿತಳು. ಮರಳಿ ಬಂದ ಅಕ್ಕೋರು ಆಕೆಯ ಕೈ ಹಿಡಿದು, "ಐ ಓ ಯೂ ಒನ್, ಆಯಿ" ಅಂದರು.

"ಹಂಗಂದ್ರ ಏನವಾ?"

"ನಾ ನಿಮಗ ಒಂದು ಬಾಕಿ ಅದೀನಿ ಅಂತ್ರಿ."

"ಒಂದಾಳಲ್ಲ? ಆತ ಬಿಡವಾ."

ಅಕ್ಕೋರು ನಕ್ಕರು. ಇಂಗ್ಲಿಷಿನವರು ಉಪಕಾರ ನೆನೆದು ಆಡುವ ಮಾತದು. ಆ 'ಒಂದು' ಏನೆಂದು ಯಾರೂ ಕೇಳುವುದಿಲ್ಲ. ರಾಚವ್ವ ಮಾತ್ರ ಅದನ್ನು ಒಂದು ದಿನದ ಮುಯ್ಯಾಳೆಂದೇ ಹಿಡಿದಳು.

ಮಾಘದಲ್ಲಿ ಕಡಲೆ ಒಣಗಿ ನಿಂತಾಗ ಮೋಡ ಕವಿಯಿತು. ಕಿತ್ತು ಒಟ್ಟದೆ ಮಳೆಗೆ ಸಿಕ್ಕರೆ ವರ್ಷದ ಬೆಳೆ ಕಪ್ಪಾಗುತ್ತದೆ. ಮುಯ್ಯಿ ತೀರಿಸಬೇಕಾದ ಹೆಂಗಸರೆಲ್ಲ "ಮೊದ್ಲ ನಮ್ಮ ಹೊಲಾ" ಎಂದು ಜಾರಿಕೊಂಡರು. ಶನಿವಾರ ರಾಚವ್ವ ಅಕ್ಕೋರ ಬಾಗಿಲು ಬಡಿದಳು.

"ನಾಳಿ ರವಿವಾರ ಐತಿ. ನಿನ್ನ ಒಂದಾಳ ಬರಬೇಕವಾ."

ನಳದ ಹತ್ತಿರ ನೆರೆಯ ಬಾಯವ್ವ ಕಿಸಕ್ಕನೆ ನಕ್ಕಳು: "ಏ ರಾಚವ್ವಾ, ಹಲಗಿ ಮ್ಯಾಲ ಬರ್ಯಾಕ ಖಡು ಹಿಡಿಯೋ ಕೈ ಕಡ್ಲಿ ಕೀಳತಾವೇನ?"

"ಮಾತ ಕೊಟ್ಟಾಳ. ಬರತಾಳ."

ಇಬ್ಬನಿ ಆರುವ ಮೊದಲೇ ಅಕ್ಕೋರು ತಲೆಗೆ ಟವೆಲ್ ಸುತ್ತಿ ಹೊಲದಲ್ಲಿದ್ದರು. ಕಡಲೆಯ ಹುಳಿಗೆ ಬೆರಳು ಉರಿದವು, ಅಂಗೈಯಲ್ಲಿ ಬೊಬ್ಬೆಯೆದ್ದವು. ಸಾಲು ಹಿಂದೆ ಬಿದ್ದರೂ ಬಿಡಲಿಲ್ಲ. ದಾರಿಯಲ್ಲಿ ಹೊರಟಿದ್ದ ಬಾಯವ್ವ ಕಂಡು ನಿಂತಳು. ಪರವೂರ ಹುಡುಗಿ ಮಾತು ತೀರಿಸುತ್ತಿದ್ದಾಳೆ, ತಾನು ರಾಚವ್ವನಿಗೆ ತೀರಿಸಬೇಕಾದ ಎರಡು ದಿನ ಹಾಗೇ ಉಳಿದಿವೆ! ಸೆರಗು ಬಿಗಿದು ಹೊಲಕ್ಕಿಳಿದಳು. ಅವಳ ಹಿಂದೆ ಇನ್ನೂ ನಾಲ್ವರು.

ಹೊತ್ತು ಮುಳುಗುವ ಮುಂಚೆ ಕಡಲೆಯೆಲ್ಲ ಬಣವೆಯಾಗಿ ತಾಡಪತ್ರಿಯ ಕೆಳಗೆ ಸೇರಿತು.

"ಅಕ್ಕೋರ, ಮುಂದಿನ ರವಿವಾರ ನಮ್ಮ ಹೊಲಕ್ಕೂ ಬರ್ರೆಲಾ," ಅಂದಳು ಬಾಯವ್ವ.

ರಾಚವ್ವ ಸೊಂಟಕ್ಕೆ ಕೈಯಿಟ್ಟಳು: "ಮೊದ್ಲ ಅವರ ಮನ್ಯಾಗ ಒಂದಿನಾ ದುಡಿ. ಆಮ್ಯಾಲ ಕೇಳು!"

ದಪ್ಪ ಹನಿ ಉದುರತೊಡಗಿದವು. ಏಳೂ ಮಂದಿ ನೆನೆಯುತ್ತ, ನಗುತ್ತ ಊರ ಕಡೆ ನಡೆದರು.