ಕೂಸು ನಮ್ಮದು, ಬಾಣಂತಿ ಅಲ್ಲ

ನಮ್ಮ ಮಾಸ್ತರರ ಕೆಳದವಡೆ ಒಂದು ಪಕ್ಕಕ್ಕೆ ವಾಲಿತ್ತು. ಎಡಕ್ಕೋ ಬಲಕ್ಕೋ, ಈಗ ಆಣೆ ಮಾಡಿ ಹೇಳಲಾರೆ. ನಗುತ್ತಿದ್ದಾರೋ ಹಂಗಿಸುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಬಹಳ ಸಲ ಎರಡೂ ಒಂದೇ.

ಮಾನ್ವಿಯ ಹೈಸ್ಕೂಲಿನಲ್ಲಿ ಅವರು ಪೌರನೀತಿ ಹೇಳುತ್ತಿದ್ದರು. ದೇಶವೊಂದರ ನಾಗರಿಕನಾಗಲು ಐದು ದಾರಿ: ಹುಟ್ಟು, ತಂದೆಯ ವಂಶ, ನೋಂದಣಿ, ಬಹುಕಾಲದ ವಾಸ, ಇಲ್ಲವೇ ನಾವಿರುವ ನೆಲವೇ ಆ ದೇಶಕ್ಕೆ ಸೇರುವುದು.

"ಲೇ ಕುರ್ಡಿ, ನೀ ಹೆಂಗ ನಾಗರಿಕ ಆದಿ?" ಎಂದು ನನ್ನನ್ನು ನನ್ನ ಹಳ್ಳಿಯ ಹೆಸರಿನಿಂದಲೇ ಎಬ್ಬಿಸುತ್ತಿದ್ದರು.

"ಇಲ್ಲೇ ಹುಟ್ಟೀನ್ರಿ."

"ತ್ರಾಸ ನಿಮ್ಮವ್ವಂದು. ನಿಂದೇನು ದೊಡ್ಡಸ್ತನ? ಕುಂದರು."

ಅವರ ತಂಗಿಯನ್ನು ಕರಾಚಿಯ ಸಂಬಂಧಿಕರಿಗೆ ಕೊಟ್ಟಿದ್ದರು. ಮದುವೆಯಾಗಿ ಆಕೆ ಆ ದೇಶದವಳಾಗಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಕಡೆಯ ಪದ್ಧತಿ. ಎಂಬತ್ತನೇ ಇಸವಿಯ ಆಚೀಚೆ ವೀಸಾ ಪಡೆದು ಬಂದಳು. ಹೆಣ್ಣು ಕೂಸು ಹುಟ್ಟಿತು. ಗಂಡ ಹೊಡೆಯುತ್ತಿದ್ದ. "ಭಾಯಿ, ನಾ ಹೊಳ್ಳಿ ಹೋಗಂಗಿಲ್ಲ," ಅಂದಳು.

ಮಾಸ್ತರರು ರಾಯಚೂರಿನ ಕಚೇರಿಗೆ ಅರ್ಜಿ ಕೊಟ್ಟರು: ಕೂಸು ಇಲ್ಲಿ ಹುಟ್ಟಿದೆ, ಆದ್ದರಿಂದ ಭಾರತದ್ದು, ತಾಯಿಯನ್ನೂ ಇರಗೊಡಿ. ಯೂನಿವರ್ಸಿಟಿ ರಜೆಗೆ ಬಂದಿದ್ದ ನಾನೂ ಜೊತೆಗೆ ಹೋಗಿದ್ದೆ. ಸಾಹೇಬರು ಓದಿ ತಲೆಯಾಡಿಸಿದರು.

"ಬರೋಬರಿ ಅದ ಮಾಸ್ತರ. ಕೂಸು ನಮ್ಮದು. ಬಾಣಂತಿ ನಮ್ಮಾಕಿ ಅಲ್ಲ. ವೀಸಾ ಮುಗದ್ರ ಆಕಿ ಹೋಗಬೇಕು. ಕೂಸು ನಮ್ಮ ಪಾಸ್‌ಪೋರ್ಟ್ ಇಲ್ಲದ ಗಡಿ ದಾಟಂಗಿಲ್ಲ."

"ಮಲಿ ಕುಡಿಯೋ ಕೂಸರೀ ಅದು."

"ನೀವ ಬರದೀರಲ್ರೀ, ಭಾರತದ್ದಂತ."

ಪಕ್ಕದ ಮೇಜಿನ ಗುಮಾಸ್ತ ನಕ್ಕ.

ರಾಯಚೂರು ಸ್ಟೇಷನ್ನಿನಲ್ಲಿ ತಂಗಿ ಕೂಸನ್ನು ಅಣ್ಣನ ಕೈಗಿಟ್ಟಳು. ಆಕೆಯ ಎದೆಯ ಬಟ್ಟೆ ಹಾಲಿಗೆ ತೊಯ್ದಿತ್ತು ಎಂದು ನನ್ನ ನೆನಪು. ನಾನು ಅಷ್ಟು ಹತ್ತಿರ ನಿಂತಿದ್ದೆನೇ? ಅನುಮಾನ. ಮಾತಿನ ಬಗ್ಗೆ ಅನುಮಾನವಿಲ್ಲ: "ನೀ ಕಲ್ತಿದ್ದು ಸಾಕಾತು ಭಾಯಿ. ಅರ್ಜಿ ಬರೀದಿದ್ರ ಮಡಿಲಾಗ ಹಾಕ್ಕೊಂಡು ಹೋಗತಿದ್ದೆ."

ಕೂಸಿನ ಪಾಸ್‌ಪೋರ್ಟಿಗೆ ತಂದೆಯ ಸಹಿ ಬೇಕಿತ್ತು. ಹೆಣ್ಣೆಂದು ಅವನು ಹಾಕಲೇ ಇಲ್ಲ.

ದೇವದುರ್ಗಕ್ಕೆ ವರ್ಗವಾದ ಮೇಲೂ ಮಾಸ್ತರರು ಅದೇ ಪಾಠ ಹೇಳಿದರಂತೆ. ಐದೂ ದಾರಿ ಮುಗಿಸಿ, "ಪರೀಕ್ಷಾಕ್ಕ ಇಷ್ಟು ಸಾಕು. ಮನಿಗೆ ಒಯ್ಯಬ್ಯಾಡ್ರಿ," ಎನ್ನುತ್ತಿದ್ದರಂತೆ.

ಅಲ್ಲೇ ತೀರಿಕೊಂಡರು. ಸಾವಿನ ತಂತಿ ತೋರಿಸಿ ತಂಗಿ ವೀಸಾ ಪಡೆದು ಬರುವಷ್ಟರಲ್ಲಿ ಮಣ್ಣು ಮಾಡಿ ತಿಂಗಳಾಗಿತ್ತು. ಆಕೆ ಬಂದ ದಿನ, ಮನೆಯವರನ್ನು ಮಾತಾಡಿಸಲು ಹೋದ ನಾನು ಒಳಗೆ ಕುಳಿತಿದ್ದೆ. ಬಾಗಿಲು ತೆರೆದವಳು ಆ ಕೂಸೇ, ಈಗ ಶಾಲೆಗೆ ಹೋಗುವ ಹುಡುಗಿ. ಬುರ್ಖಾದ ಹೆಂಗಸಿಗೆ ದಾರಿ ಬಿಟ್ಟು ನಿಂತಳು.

"ಒಳಗ ಬರ್ರಿ," ಎಂದಳು. "ಮಾಮೂಗ ನೀವು ಏನಾಗಬೇಕ್ರಿ?"